ಮಕ್ಕಳ ಬಾಡಿಗೆ ಮನೆಗೆ ಜಾಮೀನು: ಕಾಸರಗೋಡಿನ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಪ್ಲಸ್ ಟು ಮುಗಿಸಿ ಹೆಚ್ಚಾಗಿ ಹೋಗುವುದು ಮಂಗಳೂರಿಗೆ. ಕೆಲವರು ಬೆಂಗಳೂರಿಗೆ, ಕೆಲವರು ಇಲ್ಲೇ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ. ಮೊದಲ ವರ್ಷ ಹಾಸ್ಟೆಲಿನಲ್ಲಿ ಕಳೆಯುತ್ತದೆ. ಎರಡನೇ ವರ್ಷ ಫೋನ್ ಬರುತ್ತದೆ: 'ಅಪ್ಪಾ, ನಾವು ನಾಲ್ಕು ಮಂದಿ ಸೇರಿ ಮನೆ ಮಾಡ್ತೇವೆ, ನಿಮ್ಮದೊಂದು ಸಹಿ ಬೇಕಂತೆ.' ಆ ಒಂದು ಸಹಿಯ ಬಗ್ಗೆ ಈ ಪುಟ.

ನಾನು 27 ವರ್ಷ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿದವನು. ಮಗಳ ಬಾಡಿಗೆ ಮನೆಗೆ ಜಾಮೀನು ನಿಂತು ದುಡ್ಡು ಕಟ್ಟಿದವನೂ ಹೌದು. ವಕೀಲನಲ್ಲ. ತಕರಾರು ಕೋರ್ಟಿನ ಮೆಟ್ಟಿಲಿಗೆ ಬಂದಿದ್ದರೆ ವಕೀಲರ ಹತ್ತಿರ ಹೋಗಲೇಬೇಕು. ಸಹಿ ಹಾಕುವ ಮೊದಲು ತಿಳಿದಿರಬೇಕಾದದ್ದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಜಾಮೀನು ನಿಲ್ಲುವುದೆಂದರೆ ಏನು? ಸೊಸೈಟಿ ಸಾಲಕ್ಕೆ ನಿಲ್ಲುವ ಜಾಮೀನೇ ಇದೂ?

ಕಾನೂನು ಒಂದೇ. 1872ರ ಭಾರತೀಯ ಕರಾರು ಕಾಯ್ದೆಯ 126ನೇ ಸೆಕ್ಷನ್. ಇನ್ನೊಬ್ಬ ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಮಾತು ಕೊಡುವುದು ಜಾಮೀನು. ಸೊಸೈಟಿ ಸಾಲಕ್ಕೆ, ಕೇರಳ ಸರಕಾರದ ಕೆಎಸ್‌ಎಫ್‌ಇ ಚಿಟ್ಟಿಗೆ ನಿಂತವರಿಗೆ ಇದರ ಬಿಸಿ ಗೊತ್ತಿದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸಾಲದ ಪತ್ರದಲ್ಲಿ ಮೊತ್ತ ಬರೆದಿರುತ್ತದೆ. ಎರಡು ಲಕ್ಷದ ಸಾಲಕ್ಕೆ ನಿಂತರೆ ಎರಡು ಲಕ್ಷ, ಅದರ ಬಡ್ಡಿ, ಖರ್ಚು. ಬಾಡಿಗೆ ಕರಾರಿನಲ್ಲಿ ಮಾತ್ರ 'ಬಾಡಿಗೆ, ಕರೆಂಟು, ನೀರು, ಹಾನಿ ಮತ್ತು ಇತರ ಎಲ್ಲ ಬಾಕಿಗಳು' ಎಂದು ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಅದಕ್ಕೆ ತಳವಿಲ್ಲ. ಸಾಲದ ಪತ್ರವನ್ನು ಎರಡೆರಡು ಸಲ ಓದುವ ನಮ್ಮವರು ಇದನ್ನು ಕಾಲೇಜಿನ ಫಾರ್ಮಿನ ಹಾಗೆ ಸಹಿ ಹಾಕಿ ಕೊಡುತ್ತಾರೆ.

ನಾನು ಕಾಗದಕ್ಕೆ ಸಹಿ ಹಾಕಿಲ್ಲ. ಫೋನಿನಲ್ಲಿ 'ನಾನಿದ್ದೇನೆ ಬಿಡಿ' ಎಂದಿದ್ದೆ ಅಷ್ಟೇ.

ನಮ್ಮ ಕಾಯ್ದೆಯಲ್ಲಿ ಬಾಯಿಮಾತಿನ ಜಾಮೀನಿಗೂ ಬೆಲೆಯಿದೆ. 126ನೇ ಸೆಕ್ಷನ್ನಿನಲ್ಲೇ ಹಾಗೆ ಬರೆದಿದೆ. ಅದನ್ನು ಸಾಬೀತು ಮಾಡುವುದು ಮಾಲಿಕರಿಗೆ ಕಷ್ಟವಿರಬಹುದು. ಆದರೆ ಇವತ್ತು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಧ್ವನಿ ಸಂದೇಶ ಅಳಿಸದೆ ಉಳಿದಿರುತ್ತದೆ. ಸೌಜನ್ಯಕ್ಕೆ ಆಡುವ ಮಾತಾದರೂ ಅಳೆದು ಆಡಿ: 'ನನ್ನ ಮಗನ ಪಾಲು ತಪ್ಪುವುದಿಲ್ಲ' ಎಂದರೆ ಸಾಕು.

ಮೊದಲು ಮಕ್ಕಳನ್ನು ಕೇಳಿ, ಅಲ್ಲಿ ಸಿಗದಿದ್ದರೆ ತಾನೇ ನನ್ನ ಹತ್ತಿರ ಬರಬೇಕು?

ಹಾಗೇನೂ ಇಲ್ಲ. 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಬಾಕಿದಾರನ ಹೊಣೆಯಷ್ಟೇ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಕಡಿಮೆಯಾಗುತ್ತದೆ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತು: ಬಾಕಿದಾರನ ಮೇಲಿನ ಎಲ್ಲ ದಾರಿ ಮುಗಿಯುವ ತನಕ ಕಾಯಬೇಕಾಗಿಲ್ಲ, ನೇರ ಜಾಮೀನುದಾರನನ್ನು ಕೇಳಬಹುದು. ಓದುವ ಮಕ್ಕಳ ಹತ್ತಿರ ಏನಿರುತ್ತದೆ? ತೋಟ, ಮನೆ, ಸಂಬಳ ಇರುವವರು ಹೆತ್ತವರು. ಮಾಲಿಕರು ನೇರ ನಿಮ್ಮ ಬಾಗಿಲಿಗೇ ಬರುತ್ತಾರೆ.

ಮನೆಯಲ್ಲಿರುವುದು ನಾಲ್ಕು ಮಂದಿ. ನನ್ನ ಮಗನ ಪಾಲಿಗೆ ಮಾತ್ರ ತಾನೇ ನಾನು ಹೊಣೆ?

ಎಲ್ಲರೂ ಹಾಗೆಂದೇ ನಂಬಿಕೊಂಡಿರುತ್ತಾರೆ. ನಾನೂ ನಂಬಿದ್ದೆ.

ಕರಾರಿನಲ್ಲಿ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಎಂಬ ಎರಡು ಪದ ಹುಡುಕಿ. ಅವು ಇದ್ದರೆ ನಾಲ್ವರಲ್ಲಿ ಪ್ರತಿಯೊಬ್ಬನೂ ಇಡೀ ಮನೆಯ ಬಾಡಿಗೆಗೆ ಹೊಣೆ. ಆ ಪದಗಳು ಇಲ್ಲದಿದ್ದರೂ ನೆಮ್ಮದಿಯೇನಿಲ್ಲ. ಹಲವರು ಸೇರಿ ಒಂದು ಮಾತು ಕೊಟ್ಟಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರಲ್ಲಿ ಯಾರೊಬ್ಬನಿಂದಲೂ ಪೂರ್ತಿ ವಸೂಲು ಮಾಡಬಹುದು ಎಂದು ಅದೇ ಕಾಯ್ದೆಯ 43ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಮಗನ ಹೊಣೆ ಇಡೀ ಮನೆಯದ್ದಾದರೆ, ಅವನ ಜಾಮೀನುದಾರರಾದ ನಿಮ್ಮ ಹೊಣೆಯೂ ಇಡೀ ಮನೆಯದ್ದೇ.

ನನ್ನ ಮಗಳದ್ದು ದೇರಳಕಟ್ಟೆಯಲ್ಲಿ ಮನೆ. ನಾಲ್ಕು ಹುಡುಗಿಯರು, ತಿಂಗಳಿಗೆ 16,000 ರೂಪಾಯಿ, ತಲೆಗೆ 4,000. ಅಡ್ವಾನ್ಸ್ 50,000. ಮಾಲಿಕರು ಜಾಮೀನು ಕೇಳಿದ್ದು ಒಬ್ಬರಿಂದ ಸಾಕೆಂದು. ಉಳಿದ ಮೂವರ ಮನೆ ದೂರ, ನಮ್ಮದು ಒಂದೂವರೆ ಗಂಟೆಯ ದಾರಿ, ಹಾಗಾಗಿ ನಾನು ಹೋದೆ. ಮನೆಯ ಜಗಲಿಯಲ್ಲಿ ಚಹಾ ಕೊಟ್ಟರು. ನಾಲ್ಕು ಪುಟದ ಇಂಗ್ಲಿಷ್ ಕರಾರು. ಕೊನೆಯ ಪುಟ ಮಾತ್ರ ತೆರೆದಿಟ್ಟು ಬೆರಳಿನಿಂದ ಜಾಗ ತೋರಿಸಿದರು. ಸಹಿ ಹಾಕಿದೆ.

ಮರು ವರ್ಷ ಪರೀಕ್ಷೆ ಮುಗಿಸಿ ಇಬ್ಬರು ಹುಡುಗಿಯರು ಏಪ್ರಿಲ್ ಬಾಡಿಗೆ ಕೊಡದೆ ಹೊರಟು ಹೋದರು. ಮೂರನೆಯವಳು ಏಪ್ರಿಲಿನದು ಕೊಟ್ಟು ಮೇಯಲ್ಲಿ ಹೋದಳು. ನನ್ನ ಮಗಳು ಆಗಸ್ಟಿನ ತನಕ ಅಲ್ಲೇ ಇದ್ದು ತನ್ನ 4,000ವನ್ನು ಪ್ರತಿ ತಿಂಗಳ ಒಂದನೇ ತಾರೀಕಿಗೆ ಕಳಿಸುತ್ತಿದ್ದಳು. ಐದು ತಿಂಗಳಿಗೆ ಬರಬೇಕಾದದ್ದು 80,000, ಬಂದದ್ದು 24,000. ಬಾಕಿ 56,000. ಅಡ್ವಾನ್ಸಿನಲ್ಲಿ ಬಣ್ಣಕ್ಕೆ, ನಲ್ಲಿ ರಿಪೇರಿಗೆ ಎಂದು 18,000 ಮುರಿದುಕೊಂಡು ಉಳಿದ 32,000 ಹೊಂದಿಸಿದರು. ನಿಂತದ್ದು 24,000. ಅದನ್ನು ಕೊಟ್ಟದ್ದು ನಾನು. ಒಂದು ತಿಂಗಳೂ ಬಾಡಿಗೆ ತಪ್ಪಿಸದ ಹುಡುಗಿಯ ಅಪ್ಪ. ನಮ್ಮ ಪಾಲಿನ ಅಡ್ವಾನ್ಸ್ 12,500 ಕೂಡ ಅದರೊಳಗೇ ಹೋಯಿತು.

ಮಾಲಿಕರು ಕಾನೂನಿನ ಹೊರಗೆ ಏನೂ ಮಾಡಿರಲಿಲ್ಲ. ಕಾಗದದಲ್ಲಿ ಹಾಗೆಯೇ ಇತ್ತು. ನನಗೆ ಇವತ್ತಿಗೂ ನೋವಾಗುವುದು, ಆ ಕಾಗದವನ್ನು ಯಾರೂ ನನಗೆ ಓದಿ ಹೇಳಲಿಲ್ಲ ಎನ್ನುವುದಕ್ಕೆ, ನಾನೂ ಕೇಳಲಿಲ್ಲ ಎನ್ನುವುದಕ್ಕೆ.

ಹಾಗಾದರೆ ಕರಾರಿನಲ್ಲಿ ಏನು ಬರೆಸಬೇಕು?

ಮೂರು ಮಿತಿ: ಯಾರ ಪಾಲು, ಎಷ್ಟು ಮೊತ್ತ, ಯಾವ ದಿನದ ತನಕ. 128ನೇ ಸೆಕ್ಷನ್ 'ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ' ಎಂದು ಬಿಟ್ಟಿರುವ ಬಾಗಿಲು ಇರುವುದೇ ಇದಕ್ಕೆ. ಕೆಳಗಿನ ಒಕ್ಕಣೆಯನ್ನು ನಿಮ್ಮ ಅಂಕಿ ತುಂಬಿ ಬಳಸಿಕೊಳ್ಳಿ:

'ಜಾಮೀನುದಾರರ ಹೊಣೆಯು ಬಾಡಿಗೆದಾರರ ಪೈಕಿ ತಮ್ಮ ಮಗಳ ಪಾಲಿನ ತಿಂಗಳ ಬಾಡಿಗೆ 4,000 ರೂಪಾಯಿಗೆ ಹಾಗೂ ಆಕೆಯಿಂದಲೇ ಆದ ಹಾನಿಗೆ ಮಾತ್ರ ಸೀಮಿತ. ಒಟ್ಟು ಹೊಣೆ ಯಾವ ಕಾರಣಕ್ಕೂ 12,000 ರೂಪಾಯಿ ಮೀರತಕ್ಕದ್ದಲ್ಲ. ಮುಂಗಡ ಹಣವನ್ನು ಮೊದಲು ಹೊಂದಿಸಿಕೊಂಡ ಬಳಿಕವಷ್ಟೇ ಜಾಮೀನುದಾರರನ್ನು ಕೇಳತಕ್ಕದ್ದು. ಈ ಜಾಮೀನು ಕರಾರಿನ ಕೊನೆಯ ದಿನಾಂಕಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಜಾಮೀನುದಾರರ ಹೊಸ ಸಹಿ ಬೇಕು.'

ಕರಾರು ಆಗಲೇ ಟೈಪ್ ಆಗಿದ್ದರೆ ಸಹಿಯ ಪಕ್ಕದಲ್ಲಿ ಕೈಬರಹದಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆ ಸಾಲಿನ ಬದಿಯಲ್ಲಿ ಮಾಲಿಕರ ಸಹಿಯೂ ಇರಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ. ಎರಡೂ ಪ್ರತಿಯಲ್ಲಿ ಬರೆಯಿರಿ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ.

ಮಾಲಿಕರು ಒಪ್ಪುತ್ತಾರಾ ಎಂದು ಕೇಳುತ್ತೀರಿ. ನಾಲ್ವರು ಹೆತ್ತವರೂ ತಮ್ಮ ತಮ್ಮ ಪಾಲಿಗೆ ಸಹಿ ಹಾಕಲು ಮುಂದೆ ಬಂದರೆ ಹೆಚ್ಚಿನವರು ಒಪ್ಪುತ್ತಾರೆ. ಅವರಿಗೂ ಒಬ್ಬನನ್ನು ಹಿಡಿದು ಕೂರುವುದಕ್ಕಿಂತ ನಾಲ್ವರಿರುವುದು ವಾಸಿ. ಪಾಲಿನ ಮಿತಿಗೆ ಒಪ್ಪದಿದ್ದರೆ ಒಟ್ಟು ಮೊತ್ತದ ಮಿತಿಯನ್ನಾದರೂ ಬರೆಸಿ. ಎರಡಕ್ಕೂ ಒಪ್ಪದ ಮನೆ ಬೇಡ ಎಂದೇ ನಾನು ಹೇಳುತ್ತೇನೆ.

ಮಗನಿಗೆ ಇನ್ನೂ 18 ತುಂಬಿಲ್ಲ.

ಹಾಗಿದ್ದರೆ ಅವನು ಮಾಡಿದ ಕರಾರಿಗೆ ಕಾನೂನಿನ ಬಲವಿಲ್ಲ. 1903ರಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟಾದ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಇಂದಿಗೂ ನಿಂತಿದೆ. ಆದ್ದರಿಂದ ಮಾಲಿಕರು ಕರಾರನ್ನು ನಿಮ್ಮ ಹೆಸರಿಗೇ ಮಾಡಿಸುತ್ತಾರೆ. ಆಗ ನೀವು ಜಾಮೀನುದಾರರಲ್ಲ, ನೇರ ಬಾಡಿಗೆದಾರರು. ನೋಟಿಸ್ ಕೊಡುವುದೂ ನೀವೇ, ಮನೆ ಬಿಟ್ಟುಕೊಡಬೇಕಾದವರೂ ನೀವೇ. 18 ತುಂಬುವ ತನಕ ಹಾಸ್ಟೆಲ್ ಒಳ್ಳೆಯದು.

ಎಲ್ಲರೂ 11 ತಿಂಗಳ ಕರಾರು ಮಾಡುತ್ತಾರೆ, ಯಾಕೆ? ಅದು ಮುಗಿದ ಮೇಲೆ ನನ್ನ ಜಾಮೀನು ಏನಾಗುತ್ತದೆ?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ ಎರಡೂ ಹೇಳುತ್ತವೆ. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು.

ಮುಗಿದ ಮೇಲೂ ಮಕ್ಕಳು ಅಲ್ಲೇ ಇದ್ದು, ಮಾಲಿಕರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ನಿಮ್ಮ ಜಾಮೀನು ಜೊತೆಗೆ ಮುಂದುವರಿಯಿತೋ ಇಲ್ಲವೋ ಎನ್ನುವುದು ಕಾಗದದ ಮಾತಿನ ಮೇಲೆ ನಿಂತಿದೆ. 'ನವೀಕರಣ ಅಥವಾ ಮುಂದುವರಿದ ಅವಧಿಗೂ ಅನ್ವಯಿಸುತ್ತದೆ' ಎಂದಿದ್ದರೆ ನೀವು ಸಿಕ್ಕಿಕೊಂಡಿರಿ. ಸಹಿಗೆ ಮೊದಲೇ ಆ ಸಾಲನ್ನು ಹೊಡೆದು ಹಾಕಿಸಿ.

ಹೊಡೆದು ಹಾಕಿಸದೆ ಸಹಿ ಹಾಕಿಯಾಗಿದ್ದರೆ? ಕರಾರು ಕಾಯ್ದೆಯ 130ನೇ ಸೆಕ್ಷನ್ ಇದೆ. ಮುಂದುವರಿಯುತ್ತಾ ಹೋಗುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸ್ ಕೊಟ್ಟು ಹಿಂತೆಗೆದುಕೊಳ್ಳಬಹುದು. ಕರಾರಿನ 11 ತಿಂಗಳು ಮುಗಿಯುವುದಕ್ಕೆ ಒಂದು ತಿಂಗಳಿರುವಾಗಲೇ ಸ್ಪೀಡ್ ಪೋಸ್ಟಿನಲ್ಲಿ (ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಅದರೊಳಗೆ ಸೇರಿತು), ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ, ಎರಡು ಸಾಲು ಬರೆದು ಕಳಿಸಿ. ಆ ತನಕದ ಬಾಕಿ ನಿಮ್ಮ ಮೇಲೆ ಉಳಿಯುತ್ತದೆ, ಅವಧಿಯ ನಡುವೆ ಕೈ ಕೊಡವಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ.

ಮಾಲಿಕರು ನನ್ನನ್ನು ಕೇಳದೆ ಬಾಡಿಗೆ ಏರಿಸಿದರು. ಒಬ್ಬ ಹುಡುಗ ಹೋಗಿ ಹೊಸಬನೂ ಬಂದಿದ್ದಾನೆ.

ಈ ವಿಚಾರದಲ್ಲಿ ಕಾಯ್ದೆ ಜಾಮೀನುದಾರನ ಪಕ್ಷ ನಿಂತಿದೆ. 133ನೇ ಸೆಕ್ಷನ್: ಜಾಮೀನುದಾರನ ಒಪ್ಪಿಗೆ ಇಲ್ಲದೆ ಮೂಲ ಕರಾರಿನ ಷರತ್ತು ಬದಲಾಯಿಸಿದರೆ, ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಆದರೆ ಕರಾರಿನಲ್ಲೇ 'ಕಾಲಕಾಲಕ್ಕೆ ಏರುವ ಬಾಡಿಗೆಗೂ' ಎಂದು ಬರೆದಿದ್ದರೆ ನೀವು ಮೊದಲೇ ಒಪ್ಪಿಗೆ ಕೊಟ್ಟ ಹಾಗಾಯಿತು.

ಹುಡುಗರು ಬದಲಾಗುವಾಗ ನಡೆಯುವ ಒಂದು ರೂಢಿಯನ್ನು ಹೆತ್ತವರು ಗಮನಿಸುವುದೇ ಇಲ್ಲ. ಹೋಗುವವನು ತನ್ನ ಅಡ್ವಾನ್ಸಿನ ಪಾಲನ್ನು ಮಾಲಿಕರಿಂದ ಕೇಳುವುದಿಲ್ಲ, ಬರುವವನ ಕೈಯಿಂದ ತೆಗೆದುಕೊಂಡು ಹೋಗುತ್ತಾನೆ. ಗೂಗಲ್ ಪೇಯಲ್ಲಿ 12,500 ಬಂತು, ಮುಗಿಯಿತು. ಕಾಗದದಲ್ಲಿ ಮಾತ್ರ ಹಳಬನ ಹೆಸರೇ ಇರುತ್ತದೆ. ಮನೆ ಬಿಡುವಾಗ ಹೊಸಬನಿಗೆ ಕರಾರಿನ ಆಧಾರವಿಲ್ಲ, ಹಳಬ ಫೋನ್ ಎತ್ತುವುದಿಲ್ಲ. ಒಬ್ಬ ಬದಲಾದರೂ ಒಂದು ಪುಟದ ಹೊಸ ಕಾಗದ ಮಾಡಿಸಿ: ಇಂಥವನು ಇಂಥ ದಿನ ಬಿಟ್ಟ, ಆ ದಿನದ ತನಕ ಅವನ ಬಾಕಿ ಇಷ್ಟು, ಇಂಥವನು ಸೇರಿದ, ಅವನ ಅಡ್ವಾನ್ಸ್ ಇಷ್ಟು. ಎಲ್ಲರ ಸಹಿ.

ಅಡ್ವಾನ್ಸ್ ಕೊಟ್ಟಿದ್ದೇವಲ್ಲ, ಮತ್ತೆ ಜಾಮೀನು ಯಾಕೆ?

ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬಹುಕಾಲ ಇತ್ತು. ಅಷ್ಟು ಹಣ ಕೈಯಲ್ಲಿರುವಾಗ ಜಾಮೀನು ಕೇಳುವುದು ನ್ಯಾಯವಲ್ಲ ಎಂದು ನೇರವಾಗಿ ಹೇಳಿ. ಕೇಂದ್ರ ಸರಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ಅದು ಮಾದರಿ ಮಾತ್ರ, ರಾಜ್ಯ ಅದನ್ನು ತನ್ನದಾಗಿ ಮಾಡಿಕೊಳ್ಳದೆ ಜಾರಿಗೆ ಬರುವುದಿಲ್ಲ. ಮಾತುಕತೆಗೆ ಕೂತಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಕರಾರು ಮಲಯಾಳದಲ್ಲಿದೆ. ನನಗೆ ಮಲಯಾಳ ಓದಲು ಬರುವುದಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮನ್ನು ಬಿಡದ ಸಂಗತಿ ಇದು. ಪೆರಿಯ, ಕಾಞಂಗಾಡ್ ಕಡೆ ಮನೆ ಹಿಡಿದರೆ ಕರಾರು ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಭಾಷಾ ಅಲ್ಪಸಂಖ್ಯಾತರೆಂದು ಸರಕಾರಿ ಕಚೇರಿಯಲ್ಲಿ ಕನ್ನಡ ಕೇಳುವ ಹಕ್ಕು ಇಬ್ಬರ ನಡುವಿನ ಖಾಸಗಿ ಕರಾರಿಗೆ ಬರುವುದಿಲ್ಲ. 'ಓದಲು ಬರುತ್ತಿರಲಿಲ್ಲ' ಎಂದು ಆಮೇಲೆ ಹೇಳಿದರೆ ಸಹಿ ಅಳಿಸುವುದೂ ಇಲ್ಲ.

ಕರಾರಿನ ಫೋಟೋ ಎರಡು ದಿನ ಮೊದಲೇ ತರಿಸಿಕೊಳ್ಳಿ. ನಮ್ಮ ಊರಿನಲ್ಲಿ ಎರಡೂ ಭಾಷೆ ಬಲ್ಲ ಮೇಷ್ಟ್ರು, ಅಕ್ಷಯ ಕೇಂದ್ರದ ಹುಡುಗಿ, ಆಧಾರ (ಆಸ್ತಿ ಪತ್ರ) ಬರೆಯುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವರ ಬಳಿ ಕುಳಿತು ಈ ಮಾತುಗಳನ್ನು ಹುಡುಕಿಸಿ: 'ಜಾಮ್ಯಕ್ಕಾರನ್' ಎಂದರೆ ಜಾಮೀನುದಾರ, ಅದು ನೀವು. 'ಕುಡಿಶ್ಶಿಗ' ಎಂದರೆ ಬಾಕಿ. 'ಕೂಟ್ಟಾಯುಂ ಒಟ್ಟಯ್ಕುಂ' ಎಂದು ಕಂಡರೆ ಅಲ್ಲೇ ನಿಲ್ಲಿ, ಅದೇ ಜಂಟಿ ಮತ್ತು ಪ್ರತ್ಯೇಕ ಹೊಣೆ.

ಓದಿಸುವ ಕೆಲಸವನ್ನು ಮಕ್ಕಳಿಗೆ ಬಿಡಬೇಡಿ. ಅವರಿಗೆ ಮನೆ ಬೇಕಾಗಿರುತ್ತದೆ, ಅವಸರವಿರುತ್ತದೆ. 'ಎಲ್ಲ ಮಾಮೂಲಿ ಅಪ್ಪಾ' ಎಂದುಬಿಡುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಅಪ್ಪ ಗಲ್ಫಿನಲ್ಲಿದ್ದಾರೆ. ಅಮ್ಮ ಸಹಿ ಹಾಕಬಹುದೇ?

ಹಾಕಬಹುದು. ಆಗ ಹೊಣೆ ಅಮ್ಮನದ್ದೇ, ಅವರ ಹೆಸರಿನಲ್ಲಿರುವ ಆಸ್ತಿಗೆ ಸೀಮಿತ. ಅಪ್ಪನ ಹೆಸರಿನ ಜಾಗಕ್ಕೆ ಅದು ತಾನಾಗಿ ಬರುವುದಿಲ್ಲ. ನಮ್ಮಲ್ಲಿ ಅಮ್ಮಂದಿರ ಹತ್ತಿರ ಇರುವುದು ಚಿನ್ನ, ಸ್ವಲ್ಪ ತವರಿನ ಪಾಲು. ಅದನ್ನು ಒತ್ತೆ ಇಡುವಂಥ ಸಹಿಯನ್ನು ಯಾರೂ ಅಡುಗೆ ಮನೆಯ ಕಟ್ಟೆಯ ಮೇಲೆ ಅರ್ಧ ನಿಮಿಷದಲ್ಲಿ ಹಾಕಿಸಬೇಡಿ. ಮಕ್ಕಳಿಗೇ ಹೇಳುತ್ತಿದ್ದೇನೆ.

ಮನೆ ಕರ್ನಾಟಕದಲ್ಲಿ, ನಾನು ಕೇರಳದಲ್ಲಿ. ಕೇಸು ಎಲ್ಲಿ ಹಾಕುತ್ತಾರೆ?

ಕರಾರು ಆದ, ಬಾಡಿಗೆ ಸಲ್ಲಬೇಕಾದ ಜಾಗದಲ್ಲೂ ಹಾಕಬಹುದು, ನೀವು ವಾಸವಿರುವ ಜಾಗದಲ್ಲೂ ಹಾಕಬಹುದು. ಮಂಗಳೂರಿನ ಕೋರ್ಟಿನ ಡಿಕ್ರಿಯನ್ನು, ಅಂದರೆ ತೀರ್ಪಿನ ಆದೇಶವನ್ನು, ಕಾಸರಗೋಡಿನ ಕೋರ್ಟಿಗೆ ವರ್ಗಾಯಿಸಿ ಜಾರಿ ಮಾಡಿಸಲು ದಾರಿಯಿದೆ. ಗಡಿಯ ತಲಪಾಡಿ ದಾಟಿದರೆ ಸಾಲ ಹಿಂದೆ ಉಳಿಯುವುದಿಲ್ಲ. ಬಾಡಿಗೆ ಬಾಕಿಗೆ ದಾವೆ ಹೂಡಲು ಕಾಲಮಿತಿ 3 ವರ್ಷ, ಅಷ್ಟು ದಿನ ನಿಮ್ಮ ರಶೀದಿಗಳನ್ನೂ ಜೋಪಾನ ಮಾಡಿ.

ಕರಾರು ಕಾಯ್ದೆ ಎರಡೂ ರಾಜ್ಯಕ್ಕೆ ಒಂದೇ. ಬಾಡಿಗೆ ನಿಯಂತ್ರಣದ ಕಾಯ್ದೆ ಬೇರೆ ಬೇರೆ: ಕೇರಳದ್ದು 1965ರದ್ದು, ಕರ್ನಾಟಕದ್ದು 1999ರದ್ದು. ಯಾವುದು ಅನ್ವಯಿಸುತ್ತದೆ ಎನ್ನುವುದಕ್ಕೆ ನಿಮ್ಮ ವಿಳಾಸ ಲೆಕ್ಕಕ್ಕಿಲ್ಲ, ಮನೆ ಎಲ್ಲಿದೆ ಎನ್ನುವುದೇ ಲೆಕ್ಕ.

ಬಾಕಿ ಇದೆಯೆಂದು ಮಕ್ಕಳ ಕೋಣೆಗೆ ಬೀಗ ಹಾಕಿದ್ದಾರೆ.

ಬಾಕಿ ಎಷ್ಟೇ ಇರಲಿ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ. ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಪರೀಕ್ಷೆಯ ವಾರದಲ್ಲಿ ಕೋರ್ಟು ಕಾಯುತ್ತಾ ಕೂರಲು ಆಗುವುದಿಲ್ಲ ನಿಜ. ಒಳಗಿರುವ ಹಾಲ್ ಟಿಕೆಟ್, ಅಂಕಪಟ್ಟಿಗಾಗಿ ಅವತ್ತೇ ಹತ್ತಿರದ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಬಾಡಿಗೆ ಮನೆಯಲ್ಲಿ ಇಡದಿರುವುದು ಎಲ್ಲಕ್ಕಿಂತ ಉತ್ತಮ.

ಬಣ್ಣ ಹೋಗಿದೆ, ಗೋಡೆ ಕಪ್ಪಾಗಿದೆ ಎಂದು ಹಣ ಕೇಳುತ್ತಾರೆ.

ನಮ್ಮ ಕರಾವಳಿಯ ಮಳೆಗೆ ಗೋಡೆ ಕಪ್ಪಾಗದೆ ಇರುತ್ತದೆಯೇ? ಜೂನಿನಿಂದ ಸೆಪ್ಟೆಂಬರ್ ತನಕ ಕೆಂಪುಕಲ್ಲಿನ ಗೋಡೆ ನೀರು ಹೀರುತ್ತದೆ, ಬಣ್ಣ ಗುಳ್ಳೆ ಬಂದು ಉದುರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆದಾರನು ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಮರಳಿಸಬೇಕು ಎನ್ನುತ್ತದೆ. ಸಹಜ ಸವೆತಕ್ಕೆ, ತಡೆಯಲಾಗದ ಪ್ರಕೃತಿ ಶಕ್ತಿಯಿಂದ ಆದ ಬದಲಾವಣೆಗೆ ವಿನಾಯಿತಿ ಇದೆ. ಬಾಗಿಲು ಒದ್ದು ಮುರಿದದ್ದು, ವಾಶ್ ಬೇಸಿನ್ ಒಡೆದದ್ದು ಹಾನಿ. ಮಳೆಯ ತೇವ ಹಾನಿಯಲ್ಲ.

ನನ್ನಿಂದ ಬಣ್ಣಕ್ಕೆ ಮುರಿದುಕೊಂಡಾಗ ವಾದಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮನೆ ಹಿಡಿದ ದಿನ ಆ ಗೋಡೆ ಹೇಗಿತ್ತು ಎನ್ನುವುದಕ್ಕೆ ಒಂದು ಫೋಟೋ ಇರಲಿಲ್ಲ. ತಮ್ಮನ ಮಗನಿಗೆ ಮನೆ ಮಾಡುವಾಗ ನಾನೇ ಹೋದೆ. ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೋ ಮಾಡಿಸಿದೆ: ಪ್ರತಿ ಗೋಡೆ, ಛಾವಣಿಯ ಮೂಲೆ, ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುವುದು, ಕಿಟಕಿಯ ಕೊಂಡಿ, ಕರೆಂಟು ಮೀಟರಿನ ಅಂಕಿ. ಆರು ನಿಮಿಷ ಆಯಿತು. ಅಲ್ಲೇ ನಿಂತು ಮಾಲಿಕರ ವಾಟ್ಸ್ಯಾಪ್‌ಗೆ ಕಳಿಸಿದೆವು. ಎರಡು ನೀಲಿ ಗೆರೆ ಬಂದ ಮೇಲೆ ಹಾಸಿಗೆ ಒಳಗೆ ಹೋಯಿತು.

ಆಧಾರ್ ಪ್ರತಿ, ಜಾಗದ ಕರ ರಶೀದಿ, ಖಾಲಿ ಚೆಕ್ ಕೇಳುತ್ತಿದ್ದಾರೆ.

ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಕರ ರಶೀದಿಯ ನಕಲಿನ ಮೇಲೆ 'ಇಂಥ ಮನೆಯ ಬಾಡಿಗೆ ಜಾಮೀನಿಗೆ ಮಾತ್ರ' ಎಂದು ಅಡ್ಡಲಾಗಿ ಬರೆದು ತಾರೀಕು ಹಾಕಿ. ಖಾಲಿ ಚೆಕ್ ಕೊಡಲೇಬೇಡಿ. ಸಹಿ ಹಾಕಿದ ಖಾಲಿ ಚೆಕ್ಕನ್ನು ಮಾಲಿಕರು ಬ್ಯಾಂಕಿಗೆ ಹಾಕಿದಾಗ ನಿಮ್ಮ ಖಾತೆಯಲ್ಲಿ ಹಣವಿಲ್ಲದಿದ್ದರೆ ಬಾಡಿಗೆಯ ತಕರಾರು ಚೆಕ್ ಬೌನ್ಸಿನ ಕ್ರಿಮಿನಲ್ ಕೇಸಾಗುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೆಳಗೆ ಎರಡು ವರ್ಷದ ತನಕ ಸಜೆ, ಚೆಕ್ ಮೊತ್ತದ ಎರಡರಷ್ಟು ತನಕ ದಂಡ ಬರಬಹುದು. ನಾನು ಹೇಳಿದ ಎಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬೇಡಿ.

2020ರ ಹಾಗೆ ಗಡಿ ಮುಚ್ಚಿದರೆ? ಮಕ್ಕಳು ಮನೆಯಲ್ಲಿದ್ದರೂ ಬಾಡಿಗೆ ಕೊಡಬೇಕೇ?

ಆ ಮಾರ್ಚ್ ತಿಂಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನಾವ್ಯಾರೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗೇ ಹೋಗಲಾಗದೆ ಜೀವಗಳು ಹೋದವು. ಆ ದುಃಖದ ಮುಂದೆ ಬಾಡಿಗೆ ಸಣ್ಣ ಮಾತು. ಆದರೂ ತಿಂಗಳುಗಟ್ಟಲೆ ಖಾಲಿ ಮನೆಗೆ ಬಾಡಿಗೆ ಕಟ್ಟಿದ ಹೆತ್ತವರು ನಮ್ಮಲ್ಲಿ ಬಹಳ ಮಂದಿ. ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಹೊರಡಿಸಿದ ಆದೇಶ ಒಂದು ತಿಂಗಳ ಬಾಡಿಗೆ ಕೇಳಬಾರದೆಂದದ್ದು ಕಾರ್ಮಿಕರ ವಿಚಾರದಲ್ಲಿ. ವಿದ್ಯಾರ್ಥಿಗಳ ಬಗ್ಗೆ ಹೇಳಿದ್ದು ಬಲವಂತವಾಗಿ ಮನೆ ಖಾಲಿ ಮಾಡಿಸಬಾರದೆಂದಷ್ಟೇ. ಬಾಡಿಗೆ ಮನ್ನಾ ಆಗಿರಲಿಲ್ಲ.

ಕರಾರಿನಲ್ಲಿ ಒಂದು ಸಾಲು ಸೇರಿಸಿ: ಸರಕಾರದ ಆದೇಶದಿಂದ ಕಾಲೇಜು ಮುಚ್ಚಿದರೆ ಅಥವಾ ಗಡಿ ಸಂಚಾರ ನಿಂತರೆ 15 ದಿನದ ನೋಟಿಸಿನಲ್ಲಿ ಮನೆ ಬಿಡಬಹುದು, ಅಥವಾ ಆ ಅವಧಿಗೆ ಅರ್ಧ ಬಾಡಿಗೆ. ಗಡಿ ದಾಟಿ ಮಕ್ಕಳನ್ನು ಕಳಿಸುವ ನಮಗೆ ಈ ಸಾಲು ಬೇಕು.

ಕಟ್ಟಿದ ಹಣವನ್ನು ವಾಪಸು ಪಡೆಯಬಹುದೇ?

ಹಕ್ಕು ಇದೆ. ನೀವು ಕಟ್ಟಿದ ಮೇಲೆ ಮಾಲಿಕರಿಗೆ ಬಾಕಿದಾರರ ಮೇಲಿದ್ದ ಹಕ್ಕು ನಿಮಗೆ ಬರುತ್ತದೆ (ಕರಾರು ಕಾಯ್ದೆಯ 140ನೇ ಸೆಕ್ಷನ್), ಬಾಕಿದಾರ ನಿಮ್ಮ ನಷ್ಟ ತುಂಬಿಕೊಡಬೇಕು (145). ಬೇರೆ ಹೆತ್ತವರೂ ಅದೇ ಬಾಕಿಗೆ ಸಹಿ ಹಾಕಿದ್ದರೆ ಸಮಪಾಲು ಕೊಡಬೇಕು (146). ನಾನೊಬ್ಬನೇ ಸಹಿ ಹಾಕಿದ್ದರಿಂದ ಕೊನೆಯದ್ದು ನನಗೆ ಸಿಗಲಿಲ್ಲ. ಮೂವರು ಹುಡುಗಿಯರ ಮನೆಗೂ ಫೋನ್ ಮಾಡಿದೆ. ಒಬ್ಬಳ ತಾಯಿ ಹೊಲಿಗೆ ಮಾಡಿ ಮನೆ ನಡೆಸುವವರು, ಎರಡು ಕಂತಿನಲ್ಲಿ 8,000 ಕಳಿಸಿದರು. ಉಳಿದ ಎರಡು ಮನೆಯವರು ಕೆಲವು ದಿನ ನಾಳೆ ಎಂದರು, ಆಮೇಲೆ ಫೋನ್ ಎತ್ತಲಿಲ್ಲ. ಅಷ್ಟು ಮೊತ್ತಕ್ಕೆ ದಾವೆ ಹೂಡುವ ಮನಸ್ಸಾಗಲಿಲ್ಲ. ಹಣ ಕೊಡುವಾಗ ನಗದು ಕೊಡದೆ ಬ್ಯಾಂಕಿನ ಮೂಲಕ ಕಳಿಸಿ, 'ಇಂಥ ಮನೆಯ ಇಂಥ ತಿಂಗಳ ಬಾಕಿ' ಎಂದು ರಶೀದಿ ಪಡೆಯಿರಿ.

ಜಾಮೀನುದಾರ ತೀರಿಕೊಂಡರೆ?

ಮುಂದುವರಿಯುವ ಜಾಮೀನು, ಬೇರೆ ಒಪ್ಪಂದ ಇಲ್ಲದಿದ್ದರೆ, ಮುಂದಿನ ವ್ಯವಹಾರಕ್ಕೆ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಬಾಕಿಯನ್ನು ಅವರು ಬಿಟ್ಟುಹೋದ ಆಸ್ತಿಯಿಂದ ಕೇಳಬಹುದು.

ಮಗಳು ಇಂಗ್ಲೆಂಡಿಗೆ ಹೋಗಿದ್ದಾಳೆ. ಅಲ್ಲಿಯೂ ಜಾಮೀನು ಕೇಳುತ್ತಿದ್ದಾರೆ.

ಅಲ್ಲಿ ವಿದ್ಯಾರ್ಥಿ ಮನೆಗಳಿಗೆ ಹೆತ್ತವರ ಜಾಮೀನು ಮಾಮೂಲಿ. ಆದರೆ ಸಾಮಾನ್ಯವಾಗಿ ಬ್ರಿಟನ್ನಿನಲ್ಲೇ ವಾಸವಿರುವವರ ಸಹಿ ಕೇಳುತ್ತಾರೆ, ಇಲ್ಲಿನ ತೋಟದ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ನಮ್ಮ ಮಕ್ಕಳು ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟುತ್ತಿದ್ದರು. 2025ರಲ್ಲಿ ಬಂದ ಹೊಸ ಬಾಡಿಗೆದಾರರ ಹಕ್ಕುಗಳ ಕಾಯ್ದೆ, 2026ರ ಮೇ 1ರಿಂದ, ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆಯನ್ನು ಮುಂಗಡವಾಗಿ ಕೇಳುವುದನ್ನು ತಡೆಯುತ್ತದೆ. ಅಡ್ವಾನ್ಸಿಗೂ ಅಲ್ಲಿ ಮಿತಿಯಿದೆ: ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆ. ಅದನ್ನು 30 ದಿನದೊಳಗೆ ಮಾನ್ಯತೆ ಪಡೆದ ರಕ್ಷಣಾ ಯೋಜನೆಗೆ ಒಪ್ಪಿಸಬೇಕು.

ಅಲ್ಲಿಯೂ ಜಂಟಿ ಹೊಣೆಯ ಅಪಾಯ ಇದ್ದದ್ದೇ. ಅಲ್ಲಿರುವ ನೆಂಟರನ್ನು ಸಹಿಗೆ ಕೇಳುವ ಮೊದಲು ಅದು ಇಡೀ ಮನೆಯ ಬಾಡಿಗೆಗೋ, ಮಗಳ ಪಾಲಿಗೋ ಎಂದು ತಿಳಿದು, ಅವರಿಗೆ ತಿಳಿಸಿ ಕೇಳಿ. ಪೌಂಡಿನ ಲೆಕ್ಕದಲ್ಲಿ ಕೆಟ್ಟ ನೆಂಟಸ್ತಿಕೆ ಸರಿಯಾಗುವುದು ಕಷ್ಟ.

ಜಾಮೀನು ನಿಲ್ಲುವುದೇ ಇಲ್ಲ ಎಂದರೆ ಬೇರೆ ದಾರಿ ಇದೆಯೇ?

ಪಿಜಿಯಲ್ಲಿ ಹಾಸಿಗೆಯ ಲೆಕ್ಕ, ಪಕ್ಕದವನು ಕೊಡದಿದ್ದರೆ ನಿಮಗೆ ಸಂಬಂಧವಿಲ್ಲ. ಒಂದೊಂದು ಕೋಣೆಗೂ ಬೇರೆ ಬೇರೆ ಕರಾರು ಮಾಡಲು ಒಪ್ಪುವ ಮಾಲಿಕರು ಸಿಕ್ಕಿದರೆ ಅದು ಇನ್ನೂ ಒಳ್ಳೆಯದು. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ರೈಲಿನ ಸೀಸನ್ ಟಿಕೆಟ್ ಇದೆ, ಕಾಲೇಜು ಮಂಗಳೂರು ಪೇಟೆಯೊಳಗಿದ್ದರೆ ಮನೆಯಿಂದಲೇ ಹೋಗಿ ಬರಬಹುದು. ಆಸ್ಪತ್ರೆ ಪಾಳಿ ಇರುವ ಮಕ್ಕಳಿಗೆ ಆ ದಾರಿ ಆಗದು.

ಮನೆ ಬಿಡುವ ದಿನ ಏನು ಮಾಡಬೇಕು?

ಸಾಧ್ಯವಾದರೆ ನೀವೇ ಹೋಗಿ. ಕರೆಂಟು ಮೀಟರಿನ ಅಂಕಿ ಬರೆದುಕೊಳ್ಳಿ, ಕೊನೆಯ ಬಿಲ್ ಕಟ್ಟಿದ ರಶೀದಿ ಕೊಡಿ, ಮೊದಲ ದಿನದ ವಿಡಿಯೋ ಹಾಕಿ ಮಾಲಿಕರ ಜೊತೆಗೇ ಕೋಣೆ ಕೋಣೆ ನೋಡಿ. ಕೀ ಒಪ್ಪಿಸಿದ್ದಕ್ಕೆ ಬರಹ ಇರಲಿ. ಜಾಮೀನು ಪತ್ರದ ಮೂಲ ಪ್ರತಿಯನ್ನು ಕೇಳಿ ವಾಪಸು ಪಡೆಯಿರಿ, ಅಥವಾ ಅದರ ಮೇಲೆ 'ಯಾವ ಬಾಕಿಯೂ ಇಲ್ಲ, ಜಾಮೀನು ಮುಗಿದಿದೆ' ಎಂದು ಬರೆಸಿ ಸಹಿ, ತಾರೀಕು ಹಾಕಿಸಿ. ತಮ್ಮನ ಮಗನ ಮನೆಯ ಮಾಲಿಕರು ಅದನ್ನು ಕನ್ನಡದಲ್ಲೇ ಬರೆದುಕೊಟ್ಟರು. ಆ ಕಾಗದ ನನ್ನ ಕಪಾಟಿನಲ್ಲಿ, ಕರ ರಶೀದಿಗಳ ಜೊತೆಗೇ ಇದೆ.